ಬಿಚ್ಚಲು ಬರುವ ಬೆಸುಗೆ

ನನ್ನ ಮೇಜಿನ ಮೇಲೆ 172 ಮಿ.ಮೀ. ಉದ್ದದ ಒಂದು ಪೈಪಿನ ತುಂಡು ಇದೆ. ಫ್ಯಾನ್ ಗಾಳಿಗೆ ಕಾಗದ ಹಾರದಿರಲಿ ಎಂದು ಇಟ್ಟುಕೊಂಡದ್ದು. ಮೊನ್ನೆ ಆದಿತ್ಯವಾರ ಬಂದ ನೆಂಟರೊಬ್ಬರು, ಗ್ಯಾರೇಜಿನ ಕೆಲಸ ಬಲ್ಲವರೇ, ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಗಣಪತಿಯನ್ನು ಕಿತ್ತು ತಂದು ಪೈಪಿಗೆ ಹಿಡಿದರು. ಟಪ್ಪೆಂದು ಕೂತಿತು. "ನೋಡಿ, ಇದು ಸ್ಟೀಲೇ ಅಲ್ಲ ಮಾರಾಯ್ರೆ. ಗುಜರಿಯವ ನಿಮಗೆ ಕಬ್ಬಿಣ ಕಟ್ಟಿ ಕಳಿಸಿದ್ದಾನೆ" ಅಂದರು.

ಅವರು ಊಟ ಮಾಡಿ ಹೋದರು. ಆ ಮಾತು ಮಾತ್ರ ರಾತ್ರಿವರೆಗೂ ಮನೆಯಲ್ಲೇ ಉಳಿಯಿತು. ಕಾಂತ ಹಿಡಿದರೆ ಸ್ಟೀಲ್ ಅಲ್ಲ ಎಂಬ ಈ ಪರೀಕ್ಷೆ ಪಾತ್ರೆ ಅಂಗಡಿಯಿಂದ ಬಂದದ್ದು. ಒಳ್ಳೆಯ ಪಾತ್ರೆಯ ಸ್ಟೀಲಿನಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಆ ನಿಕಲ್ಲಿನಿಂದಾಗಿ ಕಾಂತ ಅದಕ್ಕೆ ಅಂಟುವುದಿಲ್ಲ. ಈಗಿನ ಕಾರುಗಳ ಹೊಗೆ ಪೈಪಿಗೆ ಹೆಚ್ಚಾಗಿ ಬಳಸುವ 409 ಎಂಬ ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು 11 ಪಾಲು. ನಿಕಲ್ ಇಲ್ಲವೆಂದೇ ಹೇಳಬೇಕು. ಅದಕ್ಕೆ ಕಾಂತ ಹಿಡಿದೇ ಹಿಡಿಯುತ್ತದೆ. ಪಾತ್ರೆಯ ಸ್ಟೀಲಿಗಿಂತ ಅಗ್ಗ. ಕಾದಾಗ ಅದರಷ್ಟು ಹಿಗ್ಗುವುದೂ ಇಲ್ಲ. ದಿನಕ್ಕೆ ಹತ್ತು ಸಲ ಕಾದು ತಣಿಯುವ ಪೈಪಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕೆ? ಮೇಲೆ ಕಂದು ಬಣ್ಣದ ಒಂದು ಪೊರೆ ಕಟ್ಟುತ್ತದೆ, ಅಷ್ಟೆ. ಇದೇ ತುಂಡನ್ನು ನಾನು ಇಡೀ ಆಟಿ ತಿಂಗಳು ಅಂಗಳದ ಕಟ್ಟೆಯ ಮೇಲೆ ಮಳೆಗೆ ಬಿಟ್ಟಿದ್ದೆ. ಪೊರೆಯನ್ನು ಉಗುರಿನಿಂದ ಕೆರೆದರೆ ಅಡಿಯಲ್ಲಿ ಬಿಳಿ ಲೋಹ. ಪಕ್ಕದಲ್ಲೇ ಇಟ್ಟಿದ್ದ ನನ್ನ ಕಾರಿನ ಹಳೆಯ ಪೈಪು ಹಪ್ಪಳದ ಹಾಗೆ ಪದರಪದರವಾಗಿ ಉದುರಿತ್ತು.

ಈ ತುಂಡು ಎರಡು ಕಾರುಗಳ ನಡುವಿನ ವ್ಯತ್ಯಾಸ. ನನ್ನದು 1994ರ ಮಾರುತಿ 800, ಕಾರ್ಬ್ಯುರೇಟರಿನದು. ಸೈಲೆನ್ಸರ್ ಬಂದದ್ದು ಆಲ್ಟೋ 800ರಿಂದ. ಎರಡರ ಎಂಜಿನೂ ಮೂರು ಸಿಲಿಂಡರಿನದು, ಎರಡೂ 796 ಸಿಸಿ, ಬೋರ್ 68.5 ಮಿ.ಮೀ., ಸ್ಟ್ರೋಕ್ 72. ಶ್ವಾಸಕೋಶ ಒಂದೇ ಅಳತೆಯದು. ವ್ಯತ್ಯಾಸ ಇರುವುದು ಮೈಕಟ್ಟಿನಲ್ಲಿ. 800ರ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2175 ಮಿ.ಮೀ., ಆಲ್ಟೋದಲ್ಲಿ 2360. ಅಂದರೆ 185 ಹೆಚ್ಚು. ಆದರೆ ಇಡೀ ಕಾರಿನ ಉದ್ದ ನೋಡಿದರೆ 3335ಕ್ಕೆ 3395, ಬರೀ 60 ಮಿ.ಮೀ. ಹೆಚ್ಚು! ಹೊಸ ಕಾರನ್ನು ರೂಪಿಸಿದವರು ಚಕ್ರಗಳನ್ನು ಮೂಲೆಮೂಲೆಗೆ ಸರಿಸಿ ಒಳಗೆ ಕಾಲು ಚಾಚಲು ಜಾಗ ಮಾಡಿದ್ದಾರೆ. ಅದರ ಸೈಲೆನ್ಸರನ್ನು ಹಳೆಯ ಕಾರಿನ ಅಡಿಗೆ ಹಿಡಿದರೆ ನಡು ಉದ್ದವಾಗುತ್ತದೆ, ಬಾಲ ಗಿಡ್ಡವಾಗುತ್ತದೆ. ನಡುವಿನಲ್ಲಿ ಕತ್ತರಿಸಬೇಕು, ಹಿಂದೆ ಸೇರಿಸಬೇಕು. ಕಾಗದದ ಲೆಕ್ಕ 185 ಎಂದಿತು. ಕಾರಿನ ಅಡಿಯಲ್ಲಿ ಮಲಗಿ ಅಳೆದಾಗ 172 ಬಂತು. ಕತ್ತರಿಸಿದ ತುಂಡಿನಲ್ಲಿ ಒಂದು ಸಣ್ಣ ಬಳುಕು ಇದ್ದುದರಿಂದ ಅದು ಬಾಲಕ್ಕೆ ಒದಗಲಿಲ್ಲ, ಮೇಜಿಗೆ ಬಂತು. ಬಳುಕಿನಿಂದಾಗಿಯೇ ಉರುಳುವುದಿಲ್ಲ.

800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದಾದ ಮೇಲೆ ಅಂಗಡಿಯಲ್ಲಿ ಸಿಗುವ ಬದಲಿ ಸೈಲೆನ್ಸರ್ ಎರಡು ಮಳೆಗಾಲ ಕಾಣುವುದಿಲ್ಲ ಎಂದು ಎರಡು ಸಲ ದುಡ್ಡು ಕೊಟ್ಟು ಕಲಿತೆ. ಮೂರನೆಯ ಸಲ ಬೆಂಗಳೂರಿಗೆ ಹೋದವನು ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಅರ್ಧ ದಿನ ಸುತ್ತಿ, ಅಪಘಾತಕ್ಕೆ ಸಿಕ್ಕಿದ ಆಲ್ಟೋದ ಸೈಲೆನ್ಸರ್ ಹುಡುಕಿದೆ. ಗೋಣಿಯಲ್ಲಿ ಸುತ್ತಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ನೆಲ್ಯಾಡಿಯಲ್ಲಿ ಇಳಿಸಿಕೊಂಡೆ. ಕ್ಯಾಟಲಿಟಿಕ್ ಕನ್ವರ್ಟರನ್ನು ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಆಸೆಗೆ ಯಾರೋ ಮೊದಲೇ ಕತ್ತರಿಸಿದ್ದರು. ನನಗೆ ಅದು ಬೇಕಾಗಿಯೂ ಇರಲಿಲ್ಲ. ಕನ್ವರ್ಟರ್ ಕಡ್ಡಾಯವಾದದ್ದು 1995ರಲ್ಲಿ, ಅದೂ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮೊದಲು. ನನ್ನ ಕಾರ್ಬ್ಯುರೇಟರಿಗೆ ಹೊಗೆಯ ರುಚಿ ನೋಡಿ ಪೆಟ್ರೋಲ್ ತಿದ್ದಿಕೊಳ್ಳುವ ಬುದ್ಧಿ ಇಲ್ಲ. ಉರಿಯದೆ ಉಳಿದ ಪೆಟ್ರೋಲ್ ಕನ್ವರ್ಟರಿನ ಒಳಗೆ ಉರಿದು ಅದರ ಜೇನುಗೂಡನ್ನೇ ಕರಗಿಸೀತು.

ಅಳತೆ ತೆಗೆಯುವಾಗ ಜನ ಮಾಡುವ ತಪ್ಪೆಂದರೆ, ನಿಂತ ಕಾರನ್ನು ಅಳೆಯುವುದು. ಪೈಪು ಹಿಂದಿನ ಆಕ್ಸಲಿನ ಮೇಲಿಂದ ಹಾಯ್ದು ಹೋಗಬೇಕು. ನಿಂತಾಗ ನಡುವೆ ಅಂಗೈ ತೂರುವಷ್ಟು ಜಾಗ ಕಾಣುತ್ತದೆ. ನಾಲ್ಕು ಜನ ಕೂತು ಹೊಂಡಕ್ಕೆ ಇಳಿದಾಗ ಆಕ್ಸಲ್ ಮೇಲೆ ಬಂದು ಪೈಪಿಗೆ ಗುದ್ದುತ್ತದೆ. ನಾನು ಮಾಡುವುದು ಹೀಗೆ. ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ದೊಡ್ಡ ನೆಲ್ಲಿಕಾಯಿ ಗಾತ್ರದ ಮೂರು ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆ ಚೂರಿನಲ್ಲಿ ಮುಚ್ಚಿ, ಆಕ್ಸಲಿನ ಮೇಲೆ ಪೈಪಿನ ನೇರಕ್ಕೆ ಅಂಟಿಸುತ್ತೇನೆ. ಹಿಂದಿನ ಸೀಟಿನಲ್ಲಿ ಎರಡು ಗೋಣಿ ಅಡಿಕೆ. ನಮ್ಮ ತೋಟದ ಮಣ್ಣುದಾರಿಯಲ್ಲಿ ಹೋಗಿ ಬಂದು, ಮತ್ತೆ ಅಡಿಗೆ ನುಗ್ಗಿ ಉಂಡೆಗಳನ್ನು ಬಿಡಿಸಿ ತಂದು ಅಳೆಯುತ್ತೇನೆ. ಎಷ್ಟು ಚಪ್ಪಟೆಯಾಗಿದೆಯೋ ಆ ದಪ್ಪವೇ ಅಲ್ಲಿ ಉಳಿದಿದ್ದ ಅತಿ ಕಡಿಮೆ ಜಾಗ. ಈ ಸಲ ನಡುವಿನ ಉಂಡೆ 22 ಮಿ.ಮೀ. ಇತ್ತು. ಅಷ್ಟು ಸಾಕು. ಯಾವ ಟೇಪೂ ಹೇಳಲಾರದ ಸತ್ಯವನ್ನು ಹಿಟ್ಟು ಹೇಳಿತು.

ಇನ್ನು ಜೋಡಣೆ. ನಮ್ಮ ಕಡೆ ಹತ್ತರಲ್ಲಿ ಎಂಟು ಮಂದಿ ಕಾರನ್ನು ಪಿಟ್ಟಿಗೆ ಹತ್ತಿಸಿ, ಅಡಿಯಲ್ಲೇ ಎರಡು ಪೈಪನ್ನು ಮೂತಿಗೆ ಮೂತಿ ಹಿಡಿದು ಸುತ್ತ ಬೆಸುಗೆ ಹಾಕಿಬಿಡುತ್ತಾರೆ. "ಒಂದು ಸಲ ಫುಲ್ ವೆಲ್ಡ್ ಹೊಡೆದರೆ ಆಯಿತಣ್ಣ, ಮತ್ತೆ ಎಂತ ತಲೆಬಿಸಿ?" ಮತ್ತೆಯೇ ತಲೆಬಿಸಿ! ಆಕ್ಸಲಿನ ಮೇಲೆ ಹಾಯ್ದ ಪೈಪು ಮುಂದಿನಿಂದ ಬಾಲದವರೆಗೆ ಒಂದೇ ತುಂಡಾದರೆ ಅದನ್ನು ಹೊರಗೆ ತೆಗೆಯುವ ದಾರಿಯೇ ಮುಚ್ಚಿಹೋಗುತ್ತದೆ. ಆಕ್ಸಲ್ ಇಳಿಸಬೇಕು, ಇಲ್ಲವೇ ಪೈಪನ್ನು ಕತ್ತರಿಸಬೇಕು. ಮುಂದಿನ ರಿಪೇರಿಯವನ ಕೈಯನ್ನು ಇಂದೇ ಕಟ್ಟಿಹಾಕಿದ ಹಾಗೆ. ಬಹಳ ಸಲ ಆ ಮುಂದಿನವನು ಇದೇ ಮನುಷ್ಯನಾಗಿರುತ್ತಾನೆ. ಆಗ ಅವನು ಕತ್ತರಿಸುತ್ತಾನೆ, ಮತ್ತೆ ಫುಲ್ ವೆಲ್ಡ್ ಹೊಡೆಯುತ್ತಾನೆ.

ನಾನು ಕತ್ತರಿಸಿದ ಎರಡು ತುದಿಗೂ ಒಂದೊಂದು ಫ್ಲೇಂಜ್ ಕೂರಿಸಿ, ನಡುವೆ ಗ್ಯಾಸ್ಕೆಟ್ ಇಟ್ಟು, ಎರಡು ಬೋಲ್ಟಿನಿಂದ ಬಿಗಿಯುತ್ತೇನೆ. ಬೆಸುಗೆ ಕಾರಿನ ಹೊರಗೆ, ಬೆಂಚಿನ ಮೇಲೆ. ಮೊದಲು ಪೈಪಿನ ಸುತ್ತ ಎದುರುಬದುರಾಗಿ ನಾಲ್ಕು ಚುಕ್ಕೆ, ಮತ್ತೆ ಚೂರುಚೂರಾಗಿ ಓಟ. ಒಂದೇ ಬದಿಯಿಂದ ಓಡಿಸಿದರೆ ತೆಳು ಪೈಪು ಸೆಟೆದುಕೊಂಡು ಫ್ಲೇಂಜ್ ಓರೆಯಾಗುತ್ತದೆ. ಸ್ಟೀಲ್ ಪೈಪು, ಸಾದಾ ಕಬ್ಬಿಣದ ಫ್ಲೇಂಜ್ ಎರಡನ್ನೂ ಸೇರಿಸಲು 309 ನಂಬರಿನ ರಾಡ್ ಬೇಕು. ಸಾದಾ ರಾಡಿನಲ್ಲಿ ಹಾಕಿದ ಬೆಸುಗೆ ಪೈಪಿಗಿಂತ ಮೊದಲು ತುಕ್ಕು ಹಿಡಿಯುತ್ತದೆ. ಬೋಲ್ಟಿಗೆ ಹಿತ್ತಾಳೆಯ ನಟ್. ಕಬ್ಬಿಣದ ಬೋಲ್ಟು, ಕಬ್ಬಿಣದ ನಟ್ ಸುಡುವ ಪೈಪಿನ ಪಕ್ಕ ಒಂದು ವರ್ಷ ಕೂತರೆ ಎರಡೂ ಒಂದೇ ಗಂಟಾಗುತ್ತವೆ. ಹಿತ್ತಾಳೆ ಹಾಗೆ ಕಚ್ಚಿಕೊಳ್ಳುವುದಿಲ್ಲ.

ಇಷ್ಟು ಹೇಳಿದರೆ "ಅದೆಲ್ಲ ಶೋಕಿ" ಎನ್ನುವವರಿದ್ದಾರೆ. ಶೋಕಿಯಲ್ಲ. ಪಿಟ್ಟಿನಲ್ಲಿ ನಿಂತು ಬೆಸುಗೆ ಹಾಕುವಾಗ ಕಿಡಿ ಹಾರುವುದು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಮಧ್ಯೆ ಒಂದು ಒದ್ದೆ ಗೋಣಿಚೀಲ ಹಿಡಿದು ನಿಂತ ಹುಡುಗನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ಹದಿನೆಂಟೂ ಆಗಿರಲಿಕ್ಕಿಲ್ಲ. ಅಡಿಯಲ್ಲಿ ಮಲಗಿ ಹಾಕಿದ ಬೆಸುಗೆಯ ಮೇಲ್ಭಾಗ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ಲೇ ಸೂಜಿಮೊನೆಯ ತೂತು ಉಳಿಯುತ್ತದೆ. ಆ ತೂತಿನ ನೇರ ಮೇಲೆ ಮೂವತ್ತು ಮಳೆಗಾಲ ಕಂಡ ಕಾರಿನ ನೆಲದ ತಗಡು. ಮಳೆಗೆ ನಾವು ಗಾಜು ಏರಿಸಿ, ಹಿಂದೆ ಮಕ್ಕಳನ್ನು ಮಲಗಿಸಿಕೊಂಡು ಹೋಗುತ್ತೇವೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಕ್ಕಳಿಗೆ ಬರುವುದು ಬರೀ ನಿದ್ದೆ. ಹೊಗೆ ತಪಾಸಣೆಯಲ್ಲಿ ಪಾಸಾಗಿದೆ ಎಂದು ನೆಮ್ಮದಿಯಾಗಿರಲೂ ಬಾರದು. ಸೀಳಿದ ಪೈಪು ಎರಡು ಉಸಿರಿನ ನಡುವೆ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಗೆ ತೆಳುವಾಗಿ, ಯಂತ್ರದಲ್ಲಿ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದನ್ನೆಲ್ಲ ಬಲ್ಲವರೇ "ನಡೀತದೆ ಬಿಡಿ" ಎನ್ನುವಾಗ ನನ್ನ ಮೈ ಉರಿಯುತ್ತದೆ. ನಡೆಯುವುದಿಲ್ಲ. ನಡೆಯಬಾರದು.

ಇನ್ನೊಂದು ತೂತಿನ ಮಾತು ಉಳಿದಿದೆ. ಸೈಲೆನ್ಸರಿನ ಹೊಟ್ಟೆಯ ತಳದಲ್ಲಿ ತಯಾರಕರೇ ಕೊರೆದ ಒಂದು ಸಣ್ಣ ಕಣ್ಣು ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದ ಕಾರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ನೆಲ್ಯಾಡಿ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಓಡುವ ನಮ್ಮಂಥವರ ಕಾರಿನಲ್ಲಿ ಸೈಲೆನ್ಸರ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದು, ನೀರು ಹೊಟ್ಟೆಯಲ್ಲೇ ನಿಲ್ಲುತ್ತದೆ. ಹೊರಗಿನ ಮಳೆಗಿಂತ ಈ ಒಳಗಿನ ಮಳೆಯೇ ಸೈಲೆನ್ಸರನ್ನು ಬೇಗ ತಿನ್ನುವುದು. ಆ ಕಣ್ಣು ಇರುವುದು ನೀರು ಹರಿದುಹೋಗಲಿ ಎಂದು. ಅದನ್ನು "ಲೀಕ್" ಎಂದು ಬೆಸುಗೆ ಹಾಕಿ ಮುಚ್ಚಿದ್ದನ್ನು ಮೂರು ಕಾರುಗಳಲ್ಲಿ ನೋಡಿದ್ದೇನೆ. ಬೇರೆ ಕಾರಿನ ಸೈಲೆನ್ಸರ್ ಹಾಕುವಾಗಲಂತೂ ನೇತುಹಾಕುವ ಕೊಕ್ಕೆ ಹೊಂದಲಿಲ್ಲವೆಂದು ಡಬ್ಬಿಯನ್ನೇ ಸ್ವಲ್ಪ ತಿರುಗಿಸಿಬಿಡುತ್ತಾರೆ, ಕಣ್ಣು ಮೇಲಾಗುತ್ತದೆ. ನಾನು ಕೊಕ್ಕೆಗಳನ್ನು ಕತ್ತರಿಸಿ ಜಾಗ ಬದಲಿಸಿದೆ, ಡಬ್ಬಿಯನ್ನು ತಿರುಗಿಸಲಿಲ್ಲ. ನೇತುಹಾಕಿದ್ದು ರಬ್ಬರಿನಲ್ಲೇ, ಸರಿಗೆಯಲ್ಲಿ ಅಲ್ಲ. ಸರಿಗೆ ಕಟ್ಟಿದರೆ ಎಂಜಿನಿನ ನಡುಕವೆಲ್ಲ ಸೀಟಿಗೆ ಹತ್ತುತ್ತದೆ.

ಶಬ್ದದ ಮಾತಿಗೆ ಬಂದೆ. ನಿಜವಾಗಿ ನನ್ನನ್ನು ಸೈಲೆನ್ಸರಿನ ಹಿಂದೆ ಬೀಳಿಸಿದ್ದು ಶಬ್ದವೇ. ನೆಲ್ಯಾಡಿಯವರಿಗೆ ರಾತ್ರಿ ಎಂದರೆ ಹೆದ್ದಾರಿಯ ಮೊರೆತ. ಘಾಟಿ ಇಳಿದು ಗುಂಡ್ಯ ದಾಟಿ ಬರುವ ಲಾರಿಗಳ ಸಾಲು ಎಲ್ಲವನ್ನೂ ಒಂದೇ ಗದ್ದಲವಾಗಿ ಕಲಸಿಡುತ್ತದೆ. 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಕಾಮಗಾರಿಗೆಂದು ಶಿರಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು. ಆ ದಿನಗಳಲ್ಲಿ ನಮ್ಮ ಗುಡ್ಡೆಯ ಮೇಲೆ ಕೂತರೆ ಒಂದೊಂದೇ ಗಾಡಿ ಕೇಳಿಸುತ್ತಿತ್ತು. ರಬ್ಬರ್ ತೋಟದ ತಿರುವು ಹತ್ತುವ ಹಳೆಯ ಡೀಸೆಲ್ ಜೀಪಿನ ಕಟಕಟ, ಏರಿನಲ್ಲಿ ರಿಕ್ಷಾದ ಪಟಪಟ, ಅದರ ಹಿಂದೆ ಯಾವುದೋ ಒಂದು 800. ಯಾರ ಮನೆಯ ಗಾಡಿ, ಎಷ್ಟನೇ ಗೇರಿನಲ್ಲಿದೆ, ಯಾವ ತಿರುವಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಕಿವಿ ಪಳಗಿತು.

ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಂತಲ್ಲೇ ತಿರುಗುವಾಗ ಸೆಕೆಂಡಿಗೆ 20 ಸಲ ಉಸಿರು ಬಿಡುತ್ತದೆ. ಮನುಷ್ಯನ ಕಿವಿ ಶುರುವಾಗುವುದೇ ಅಲ್ಲಿಂದ. ಹಾಗಾಗಿ ನಿಂತ 800 ಕಿವಿಗಿಂತ ಹೆಚ್ಚು ಬೆನ್ನಿಗೆ ಕೇಳಿಸುತ್ತದೆ. 3000 ಸುತ್ತಿಗೆ ಬಂದರೆ ಸೆಕೆಂಡಿಗೆ 75. ಆಗ ಅದು ಹಾಡಲು ತೊಡಗುತ್ತದೆ. ನಾಲ್ಕು ಸಿಲಿಂಡರಿನ ಕಾರು ಅದೇ ವೇಗದಲ್ಲಿ 100 ಸಲ ಉಸಿರಾಡುತ್ತದೆ. ಸೈಲೆನ್ಸರಿನ ಒಳಗಿನ ಗೋಡೆ, ಕೋಣೆಗಳನ್ನು ಕಟ್ಟುವುದು ಆಯಾ ಎಂಜಿನಿನ ಉಸಿರಿನ ಲೆಕ್ಕಕ್ಕೆ. ಅದಕ್ಕೇ ನಾನು ಸುಲಭವಾಗಿ ಸಿಗುತ್ತಿದ್ದ ದೊಡ್ಡ ಕಾರುಗಳ ಸೈಲೆನ್ಸರುಗಳನ್ನೆಲ್ಲ ಬಿಟ್ಟು ಆಲ್ಟೋವನ್ನೇ ಹುಡುಕಿದ್ದು. ಒಳಗಿನ ಗೋಡೆಗಳನ್ನು ಒಡೆದು ಗುಡುಗಿಸಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಎಂಜಿನಿಗಿದ್ದ ಸ್ವಂತ ದನಿಯನ್ನು ಕಿತ್ತುಕೊಂಡ ಹಾಗೆ. ಒಡೆದ ಮೇಲೆ ಎಲ್ಲ ಗಾಡಿಗಳ ಕೂಗೂ ಒಂದೇ.

ಕೆಲಸ ಮುಗಿಸಿ ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಮಗಳನ್ನು ಗೇಟಿನ ಹೊರಗೆ ನಿಲ್ಲಿಸಿ, ತೋಟದ ತುದಿಯಿಂದ ಕಾರು ತಂದೆ. "ನಮ್ಮದೇ ಅಪ್ಪ. ಸ್ವಲ್ಪ ಮೆಲ್ಲಗೆ ಮಾತಾಡ್ತಾ ಉಂಟು" ಅಂದಳು.

ಮಳೆಗಾಲ ಕಳೆಯಿತು. ನೆಂಟರು ಕಾಂತ ಹಿಡಿದು ಹೋದ ಮರುದಿನ ಬೆಳಿಗ್ಗೆ, ಅವರಿಗೆ ಕೊಡಲಾಗದ ಉತ್ತರವನ್ನು ಹುಡುಕಿಕೊಂಡು ನಾನು ಕಾರಿನ ಅಡಿಗೆ ಹೋದೆ. ಬಾಲದ ಕೆಳಗೆ ಸಿಮೆಂಟಿನ ಮೇಲೆ ರೂಪಾಯಿಯಗಲದ ಒದ್ದೆ ಗುರುತು, ಕಣ್ಣಿನ ನೇರಕ್ಕೇ. ಫ್ಲೇಂಜಿನ ಸುತ್ತ ಮಸಿ ಇಲ್ಲ. ಹನ್ನೆರಡರ ಸ್ಪ್ಯಾನರ್ ಹಿಡಿದು ಹಿತ್ತಾಳೆಯ ನಟ್ಟಿಗೆ ಒಂದು ಎಳೆತ ಕೊಟ್ಟೆ. ಕಿರ್ರೆಂದಿತು, ಸಡಿಲವಾಯಿತು. ಉಳಿದದ್ದನ್ನು ಬೆರಳಿನಲ್ಲೇ ಬಿಚ್ಚಿದೆ. ಇನ್ನೊಂದನ್ನೂ ಹಾಗೆಯೇ. ಹಿಂಭಾಗ ಬಿಡಿಯಾಗಿ ರಬ್ಬರಿನಲ್ಲಿ ಮೆಲ್ಲಗೆ ತೂಗಿತು. ಒಳಗೆ ಇಣುಕಿ ನೋಡಿ, ಮೂತಿ ಒರೆಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಎರಡು ನಟ್ಟನ್ನೂ ಮತ್ತೆ ಬೆರಳಿನಿಂದಲೇ ಏರಿಸತೊಡಗಿದೆ.