ಸೈಕಲ್ಲು ಹಡಗು ಹತ್ತುವ ಮುನ್ನ

ಹಳೇ ಸೈಕಲ್ಲನ್ನು ರಿಪೇರಿ ಮಾಡಿ ಓಡಿಸುವ ಖುಷಿ ಬಲ್ಲವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಅದನ್ನು ಬಿಚ್ಚಿ, ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಸಮುದ್ರದಾಚೆ ಕಳಿಸುವ ಖುಷಿ ಬಲ್ಲವರು ಕಡಿಮೆ. ನನಗೆ ಈ ಎರಡನೆಯದರ ಮೇಲೇ ಜೀವ. ಓಡಿಸುವಾಗ ಸೈಕಲ್ಲು ಕಾಲಿಗೆ ಪರಿಚಯವಾಗುತ್ತದೆ. ಪ್ಯಾಕ್ ಮಾಡುವಾಗ ಅದರ ಒಂದೊಂದು ನಟ್ಟೂ ಕೈಗೆ ಪರಿಚಯವಾಗುತ್ತದೆ: ಎಲ್ಲಿ ಒತ್ತಿದರೆ ಬಾಗುತ್ತದೆ, ಎಲ್ಲಿ ಉಜ್ಜಿದರೆ ಬಣ್ಣ ಹೋಗುತ್ತದೆ, ಯಾವುದನ್ನು ಬಿಚ್ಚಬೇಕು, ಯಾವುದರ ತಂಟೆಗೆ ಹೋಗಬಾರದು ಎಂಬುದೆಲ್ಲ.

ಮೊನ್ನೆ ಮೆಲ್ಬರ್ನಿಗೆ ಹೊರಟದ್ದು ಐವತ್ತರ ದಶಕದ ಕಪ್ಪು ರ‍್ಯಾಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾಗಿ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ. ನಾಟಿಂಗ್‌ಹ್ಯಾಮ್‌ನಲ್ಲಿ 2002ರ ಹೊತ್ತಿಗೆ ಈ ಕಂಪನಿಯ ಸೈಕಲ್ ತಯಾರಿಕೆಯೇ ನಿಂತಿತು. ಹಾಗಾಗಿ ಅಲ್ಲಿನ ಹಳೆಯ ಗಾಡಿಗಳನ್ನು ಹುಡುಕಿ ಇಟ್ಟುಕೊಳ್ಳುವವರು ಪ್ರಪಂಚದ ಎಲ್ಲ ಮೂಲೆಗಳಲ್ಲೂ ಇದ್ದಾರೆ. ಇದರ ಹಿಂದಿನ ಹಬ್ಬು ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನದು. ಆ ಹಬ್ಬಿನ ಮೈಮೇಲೆ ತಯಾರಾದ ಇಸವಿಯನ್ನು ಒತ್ತಿರುತ್ತಾರೆ. ಸೀಮೆಎಣ್ಣೆ ಬಟ್ಟೆ ಹಿಡಿದು ತಿಕ್ಕುತ್ತ ಹೋದಂತೆ ಜಿಡ್ಡಿನ ಕೆಳಗಿಂದ 54 ಎಂಬ ಅಂಕಿ ಎದ್ದು ಬಂತು. ಕೊಳ್ಳುವವರು ಮೊದಲು ಕೇಳುವ ಫೋಟೋ ಅದರದೇ. ಎರಡನೆಯದು ಪೆಡ್ಲಿನ ಚಕ್ರದ್ದು. ರ‍್ಯಾಲಿಯ ಆ ಚಕ್ರದಲ್ಲಿ ಮೂರು ಬಕಪಕ್ಷಿಗಳ ತಲೆಯನ್ನು ಉಕ್ಕಿನಲ್ಲೇ ಕತ್ತರಿಸಿ ಮೂಡಿಸಿದ್ದಾರೆ. ಕೊಕ್ಕು, ಕತ್ತಿನ ಬಾಗು ಎಷ್ಟು ಸ್ಪಷ್ಟ ಎಂದರೆ, ಚೈನಿನ ಎಣ್ಣೆಯಲ್ಲಿ ಅಷ್ಟು ಕಾಲ ಮುಳುಗಿದ್ದರೂ ಒಂದು ಗೆರೆ ಸವೆದಿಲ್ಲ. ಚೈನು ಎಳೆಯುವುದಕ್ಕೆಂದೇ ಇರುವ ಭಾಗಕ್ಕೂ ಇಷ್ಟು ಅಂದ ಕೊಟ್ಟವರ ಬಗ್ಗೆ ನನಗೆ ತುಂಬು ಗೌರವ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೂರು ವರ್ಷ ದಾಟಿದ, ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನಾವು ನೀವು ರಫ್ತು ಮಾಡುವಂತಿಲ್ಲ. ಸರಿಯಾದ ಕಾಯಿದೆ. ಐವತ್ತರ ದಶಕದ ಗಾಡಿಗೆ ಆ ತಡೆಯಿಲ್ಲ.

ಕೆಲಸ ಶುರುವಾಗುವುದು ಪೆಟ್ಟಿಗೆಯಿಂದ. ನಮ್ಮ ಹಳೇ ಸೈಕಲ್ಲುಗಳ ಚಕ್ರ 28 ಇಂಚಿನದು; ಟೈರು ಸೇರಿ ಹತ್ತಿರ ಹತ್ತಿರ 71 ಸೆಂಟಿಮೀಟರು. ಅಂಗಡಿಗೆ ಬರುವ 26 ಇಂಚಿನ ಗೇರ್ ಸೈಕಲ್ಲಿನ ಪೆಟ್ಟಿಗೆ ಇದಕ್ಕೆ ಗಿಡ್ಡ. ಟ್ವೆಂಟಿನೈನರ್ ಎಂಬ ದಪ್ಪ ಟೈರಿನ ಬೆಟ್ಟ ಹತ್ತುವ ಸೈಕಲ್ಲಿನ ಪೆಟ್ಟಿಗೆ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಅದಕ್ಕೇ ನಮ್ಮ ಬೀದಿಯ ಸೈಕಲ್ ಅಂಗಡಿಯ ಹಿರಿಯರಿಗೆ ಹೇಳಿಟ್ಟಿರುತ್ತೇನೆ.

"ಸಾಬ್ರೇ, ದೊಡ್ಡ ಬಾಕ್ಸ್ ಬಂದ್ರೆ ಕುಯ್ಯೋಕೆ ಬಿಡಬೇಡಿ."

"ಇಟ್ಟಿದೀನಿ ಮೇಷ್ಟ್ರೇ. ಫೋರ್ಕಿಗೆ ಸಿಕ್ಸಿರೋ ಪ್ಲಾಸ್ಟಿಕ್ಕೂ ಎಸೆದಿಲ್ಲ, ತಗೊಂಡೋಗಿ."

ಆ ಪ್ಲಾಸ್ಟಿಕ್ ತುಂಡಿನ ಬೆಲೆ ಅವರಿಗೂ ಗೊತ್ತು. ಚಕ್ರ ತೆಗೆದ ಫೋರ್ಕಿನ ಎರಡು ಕಾಲುಗಳ ನಡುವೆ ಏನೂ ಇಲ್ಲದಿದ್ದರೆ, ಪೆಟ್ಟಿಗೆ ಒಮ್ಮೆ ಕೈಜಾರಿ ಬಿದ್ದರೂ ಸಾಕು, ಕಾಲುಗಳು ಒಳಕ್ಕೆ ಬಾಗುತ್ತವೆ. ಹಬ್ಬಿನಷ್ಟೇ ಅಗಲದ ತುಂಡೊಂದು ಅಲ್ಲಿ ಕೂತರೆ ಆ ಭಯವಿಲ್ಲ.

ಬಿಚ್ಚುವುದಕ್ಕೂ ಕ್ರಮವಿದೆ. ಮೊದಲು ಪೆಡ್ಲು. ಎಡಗಡೆಯ ಪೆಡ್ಲಿನ ತಿರುಪು ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತುಳಿಯುತ್ತ ತುಳಿಯುತ್ತ ಪೆಡ್ಲು ತಾನಾಗಿ ಸಡಿಲಗೊಳ್ಳಬಾರದೆಂದು ಮಾಡಿದ ಏರ್ಪಾಡು ಇದು. ವಿಮಾನ ಹಾರಿಸುವುದಕ್ಕೆ ಮೊದಲು ಸೈಕಲ್ ಕಟ್ಟುತ್ತಿದ್ದ ರೈಟ್ ಸಹೋದರರೂ ತಮ್ಮ ಗಾಡಿಗಳಿಗೆ ಇದನ್ನೇ ಹಾಕುತ್ತಿದ್ದರು. ಕ್ರ್ಯಾಂಕನ್ನು ಮಾತ್ರ ನಾನು ಬಿಚ್ಚುವುದಿಲ್ಲ. ಅದನ್ನು ಹಿಡಿದಿರುವ ಕಾಟರ್ ಪಿನ್ನು ದಶಕಗಳ ಕಾಲ ಒಂದೇ ಕಡೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಹೊಡೆದು ತೆಗೆಯಹೊರಟರೆ ಒಳಗಿನ ಬಾಲ್ಸಿಗೆ ಪೆಟ್ಟು ಬೀಳುತ್ತದೆ. ಗಟ್ಟಿಯಾಗಿ ಕೂತದ್ದು ಹಾಗೇ ಕೂತಿರಲಿ. ಕ್ರ್ಯಾಂಕನ್ನು ಫ್ರೇಮಿನ ಕೆಳಗಂಬಿಗೆ ಸರಿಯಾಗಿ ತಿರುಗಿಸಿ ಹಳೇ ಟ್ಯೂಬಿನಿಂದ ಬಿಗಿದರೆ ಆಯಿತು.

ನನ್ನ ಮನಸ್ಸು ಪೂರ್ತಿ ಸೋಲುವುದು ರಾಡ್ ಬ್ರೇಕಿನ ಹತ್ತಿರ. ತಂತಿಯ ಬ್ರೇಕಾದರೆ ಸುತ್ತಿ ಇಡಬಹುದು. ಇದು ಹ್ಯಾಂಡಲ್ಲಿನಿಂದ ರಿಮ್ಮಿನವರೆಗೆ ಕಂಬಿಯಿಂದ ಕಂಬಿಗೆ, ಕೀಲಿನಿಂದ ಕೀಲಿಗೆ ಇಳಿದು ಹೋಗುವ ಸರಣಿ. ಒಂದು ಕಂಬಿಯ ಉದ್ದ ಗೋಧಿಕಾಳಿನಷ್ಟು ಹೆಚ್ಚುಕಮ್ಮಿಯಾದರೂ ಬ್ರೇಕು ರಿಮ್ಮಿಗೆ ತಾಗಿಕೊಂಡೇ ಇರುತ್ತದೆ, ಇಲ್ಲವೇ ತಾಗುವುದೇ ಇಲ್ಲ. ಹಾಗಾಗಿ ಸಡಿಲಿಸುವ ಮೊದಲೇ ಪ್ರತಿ ಕಂಬಿಯೂ ತನ್ನ ತೋಳಿನೊಳಗೆ ಎಷ್ಟು ಇಳಿದಿದೆಯೋ ಅಲ್ಲಿಗೆ ಉಗುರುಬಣ್ಣದಲ್ಲಿ ಸಣ್ಣ ಗೆರೆ ಎಳೆಯುತ್ತೇನೆ. ಮುಂದಿನದಕ್ಕೆ ಕೆಂಪು, ಹಿಂದಿನದಕ್ಕೆ ಬಿಳಿ. ಮೆಲ್ಬರ್ನಿನಲ್ಲಿ ಪೆಟ್ಟಿಗೆ ತೆರೆಯುವವರು ಗೆರೆಗೆ ಗೆರೆ ಕೂಡಿಸಿ ನಟ್ಟು ಬಿಗಿದರೆ ಬ್ರೇಕು ಇಲ್ಲಿ ನಮ್ಮ ಮೈಸೂರಿನಲ್ಲಿ ಹಿಡಿದ ಹಾಗೇ ಅಲ್ಲೂ ಹಿಡಿಯುತ್ತದೆ. ನೋಡಿರದ ಕೈಗಳಿಗಾಗಿ ಹೀಗೆ ಗುರುತು ಹಾಕುತ್ತ ಕೂರುವ ಆ ಸಂಜೆಗಳು ನನಗೆ ಬಲು ಇಷ್ಟ.

ಆಸ್ಟ್ರೇಲಿಯಾಕ್ಕೆ ಹೋಗುವ ಬಳಸಿದ ಸೈಕಲ್ಲಿನ ಮೇಲೆ ಮಣ್ಣಿನ ಕಣ ಇರಬಾರದು, ಹುಲ್ಲಿನ ಬೀಜ ಇರಬಾರದು. ಬೇರೆ ನಾಡಿನ ರೋಗ, ಕೀಟ ತಮ್ಮ ಹೊಲಗಳಿಗೆ ಬರಬಾರದೆಂದು ಅಲ್ಲಿನವರು ತಪಾಸಣೆ ಮಾಡುತ್ತಾರೆ. ಮಡ್‌ಗಾರ್ಡಿನ ಒಳಮೈಯಲ್ಲಿ ಎಷ್ಟೋ ಮಳೆಗಾಲಗಳ ಕೆಮ್ಮಣ್ಣು ಪದರಪದರವಾಗಿ ಗಟ್ಟಿಯಾಗಿತ್ತು. ಬಿಸಿನೀರು, ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ ಹಿಡಿದು ಕೂತೆ. ಮಣ್ಣು ಹೋದಮೇಲೆ ಅಡಿಯಲ್ಲಿ ಕಂಪನಿಯ ಮೂಲ ಕಪ್ಪು ಬಣ್ಣ ಹೊಸದರಂತೆ ಹೊಳೆಯಿತು.

ಚರ್ಮದ ಬ್ರೂಕ್ಸ್ ಸೀಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು. ಕಂಟೇನರಿನೊಳಗೆ ಹಗಲು ಕಾವು, ರಾತ್ರಿ ತಂಪು. ತೇವ ನೀರಾಗಿ ಇಳಿಯುತ್ತದೆ, ಬೂಸಲು ಹಿಡಿಯುತ್ತದೆ. ಹಳೇ ಹತ್ತಿ ಪಂಚೆಯೇ ಸರಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ. ಟೈರಿನ ಗಾಳಿ ಪೂರ್ತಿ ಬಿಡುವವರಿದ್ದಾರೆ. ಅರ್ಧ ಇರಲಿ ಎನ್ನುತ್ತೇನೆ ನಾನು, ರಿಮ್ಮಿಗೆ ಅದೇ ಮೆತ್ತೆ. ಮರದ ಪೆಟ್ಟಿಗೆಯ ಆಸೆ ಬೇಡ: ಮರವಾದರೆ ಅದರ ತಿರುಳು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾದಿರಬೇಕು, ಗೋಧಿತೆನೆಯ ಅಂತರರಾಷ್ಟ್ರೀಯ ಮುದ್ರೆ ಬೀಳಬೇಕು. ರಟ್ಟಿಗೆ ಆ ಕಟ್ಟಳೆಯಿಲ್ಲ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ವಿಮಾನದ ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ರಿಂದ ಭಾಗಿಸುತ್ತಾರೆ. 140, 80, 20ರ ಪೆಟ್ಟಿಗೆಗೆ ಅದು 45 ಕಿಲೋ ಆಗುತ್ತದೆ, ತಕ್ಕಡಿಯಲ್ಲಿ ಅದರ ಅರ್ಧದಷ್ಟೇ ತೂಗಿದರೂ. ಹಡಗಿನಲ್ಲಿ ಘನ ಮೀಟರಿನ ಲೆಕ್ಕ. ಇಂಥ ನಾಲ್ಕು ಪೆಟ್ಟಿಗೆ ಒಂದು ಘನ ಮೀಟರಿನೊಳಗೆ ಕೂರುವುದರಿಂದ, ನಾಲ್ಕು ಕೂಡುವವರೆಗೆ ಕಾದು ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋಗೆ ಕಳಿಸುವುದು ನನ್ನ ಪದ್ಧತಿ. ಬೆಲೆ ಕಡಿಮೆ ಬರೆಯಿರಿ ಎಂದು ಕೊಳ್ಳುವವರು ಕೇಳಿದರೆ ಒಪ್ಪುವುದಿಲ್ಲ. ನಷ್ಟವಾದರೆ ವಿಮೆ ಸಿಗುವುದು ಬರೆದ ಬೆಲೆಗೇ.

ರ‍್ಯಾಲಿ ಹೋದ ಜಾಗದಲ್ಲಿ ಈಗ ಹಂಬರ್ ನಿಂತಿದೆ. ಅದರ ಮುಂದಿನ ಫೋರ್ಕಿಗೆ ಒಂದೊಂದು ಕಡೆಗೂ ಜೋಡಿ ಕೊಳವೆ. ಸಾಬ್ರ ಅಂಗಡಿಯ ಪ್ಲಾಸ್ಟಿಕ್ ತುಂಡು ಅದಕ್ಕೆ ಹೊಂದುವುದಿಲ್ಲ. ಹಳೇ ಹಬ್ಬೊಂದರ ಆಕ್ಸಲ್ಲನ್ನು ಅಳತೆಗೆ ಕೊಯ್ದು ನೋಡಬೇಕೆಂದಿದ್ದೇನೆ.