ಮಾಗಡಿಯ ಹೊಲದಲ್ಲಿ ಎತ್ತಿದ ಕತ್ತುಗಳು

ಗದಗಿನಿಂದ ಲಕ್ಷ್ಮೇಶ್ವರದ ದಾರಿ ಹಿಡಿದರೆ ಮಾಗಡಿ ಕೆರೆ ಸಿಗುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಇಲ್ಲಿ. 2024ರಲ್ಲಿ ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಷ್ಟೆಲ್ಲ ಓದಿಕೊಂಡೇ ಹೋಗಿದ್ದರೂ, ಬೆಳಗಿನ ಚಳಿಯಲ್ಲಿ ಶೇಂಗಾ ಹೊಲದ ಬದುವಿನ ಮೇಲಿಂದ ಕಂಡದ್ದು ನನ್ನನ್ನು ಬೆರಗಾಗಿಸಿತು.

"ಅಲ್ಲೇ ನಿಲ್ರಿ," ಅಂದರು ಹೊಲದ ಯಜಮಾನರು. "ಒಂದು ಕುತ್ತಿಗಿ ಎತ್ತಿದ್ರ ಎಲ್ಲಾ ಎತ್ತತಾವು."

ನೂರಾರು ಕೊಕ್ಕುಗಳು ಮಣ್ಣಿನಲ್ಲಿದ್ದವು. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಅಲ್ಲೊಂದು ಇಲ್ಲೊಂದು ಕತ್ತು ನೆಟ್ಟಗೆ ನಿಂತಿರುತ್ತಿತ್ತು. ಅದು ಬಾಗುವಷ್ಟರಲ್ಲಿ ಮತ್ತೊಂದು ಏಳುತ್ತಿತ್ತು. ಪಾಳಿ ಹಚ್ಚಿದವರು ಯಾರೂ ಇಲ್ಲ! ತಲೆ ಎತ್ತಿದಷ್ಟು ಹೊತ್ತು ಹೊಟ್ಟೆಗೆ ಖೋತಾ, ತಲೆ ತಗ್ಗಿಸಿದಷ್ಟು ಹೊತ್ತು ಜೀವಕ್ಕೆ ಅಪಾಯ. ಹಿಂಡು ದೊಡ್ಡದಾದಷ್ಟೂ ಕಾಯುವ ಕಣ್ಣುಗಳು ಹೆಚ್ಚುತ್ತವೆ, ಒಂದೊಂದು ಹಕ್ಕಿಯ ಪಾಲಿನ ಕಾವಲು ಇಳಿಯುತ್ತದೆ, ಮೇಯಲು ಬಿಡುವು ಸಿಗುತ್ತದೆ. ಒಂದರ ತುತ್ತು ಇನ್ನೊಂದರ ಕಣ್ಣಿನ ಋಣದಲ್ಲಿದೆ. ಅಂಚಿನಲ್ಲಿರುವವಕ್ಕೆ ಮಾತ್ರ ಈ ಸುಖ ಕಡಿಮೆ. ನಾಯಿಯೋ ನರಿಯೋ ಮೊದಲು ಎರಗುವುದು ಅವುಗಳ ಮೇಲೆ. ಹೆಬ್ಬಾತಿನ ಸಂಸಾರದಲ್ಲಿ ಗಂಡೇ ಹೆಚ್ಚು ಹೊತ್ತು ಕತ್ತೆತ್ತಿ ನಿಲ್ಲುತ್ತದೆ, ಹೆಣ್ಣೂ ಮರಿಗಳೂ ಮೇಯುತ್ತವೆ.

ಆಕಾಶದಲ್ಲಿ ಒಂದು ಹದ್ದು ತೇಲಿ ಬಂತು. ಕ್ಷಣಮಾತ್ರದಲ್ಲಿ ಇಡೀ ಹೊಲ ಕತ್ತುಗಳ ಕಾಡಾಯಿತು! ಅದು ದೂರ ಸರಿದ ಮೇಲೆ ಒಂದೊಂದಾಗಿ ತಲೆಗಳು ಬಾಗಿದವು.

ಬಿಸಿಲೇರಿದಾಗ ಎಲ್ಲವೂ ವಿಶ್ರಾಂತಿಗೆ ಕೆರೆಗೆ ಮರಳಿದವು. ನಿದ್ದೆಯಲ್ಲೂ ಕಾವಲು ನಡೆಯಬಲ್ಲದು. ಮಲ್ಲಾರ್ಡ್ ಬಾತುಗಳನ್ನು ಸಾಲಾಗಿ ಮಲಗಿಸಿ ನೋಡಿದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಾಲಿನ ಕೊನೆಯ ಬಾತು ನಡುವಿನವಕ್ಕಿಂತ ಹೆಚ್ಚು ಹೊತ್ತು ಹೊರಗಡೆಯ ಕಣ್ಣನ್ನು ತೆರೆದಿಟ್ಟುಕೊಂಡು, ಮಿದುಳಿನ ಅರ್ಧವನ್ನಷ್ಟೇ ಮಲಗಿಸುತ್ತದೆ.

ಹೆಬ್ಬಾತುಗಳು ಬೇಸಿಗೆಗೆ ಮುಂಚೆ ಹೊರಡಬೇಕು. ಹಿಮಾಲಯದ ಮೇಲೆ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆ ಹಾರಾಟಕ್ಕೆ ಬೇಕಾದ ಕೊಬ್ಬು ಕೂಡುವುದು ಇಂಥ ಹೊಲಗಳಲ್ಲಿ, ಕಾವಲಿನಿಂದ ಉಳಿದ ಹೊತ್ತಿನಲ್ಲಿ. ಸಂಜೆ ಅವು ಮತ್ತೆ ಮೇಯಲು ಇಳಿದಾಗ ನಾನು ಬದುವಿನ ಹತ್ತಿರ ಹೋಗಲಿಲ್ಲ, ದೂರದ ರಸ್ತೆಯಲ್ಲೇ ನಿಂತು ನೋಡಿದೆ. ನಾನು ಹತ್ತಿರವಾದಷ್ಟೂ ಅವುಗಳ ತುತ್ತು ಕಡಿಮೆಯಾಗುತ್ತಿತ್ತು.