ಕೈಗೆ ಗೊತ್ತಾಗದ ವೇಗ: ತಂಗಡಗಿಗೆ ಒಂದು ಸವಾರಿ

ಮುದ್ದೇಬಿಹಾಳ ಬಿಟ್ಟಾಗ ಬೆಳಗಿನ ಏಳು ಗಂಟೆ. ರಸ್ತೆಯ ಎರಡೂ ಕಡೆ ಎರೆಹೊಲ, ತೊಗರಿ. ಹಿಂದಿನ ಸೀಟಿನಲ್ಲಿ ಕಾಕಾ. ಮೂವತ್ತು ವರ್ಷ ಒಂಟಿ ಸಿಲಿಂಡರ್ ಗಾಡಿ ಓಡಿಸಿದವರು. ನನಗೆ ಹೊಸ 650 ಸಿಸಿ ಟ್ವಿನ್ ತೋರಿಸುವ ಆಸೆ, ಅವರಿಗೆ ತಂಗಡಗಿಯ ನೀಲಮ್ಮನ ಗುಡಿಗೆ ಹೋಗುವ ಆಸೆ.

"ತಮ್ಮಾ, ಗಾಡಿ ಚಾಲೂ ಐತೋ ಇಲ್ಲೋ?" ಅಂದರು. ಅಷ್ಟು ನಯ!

ಒಂಟಿ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಹೋಗಿ, ನಿಂತು, ಕೆಳಗೆ ಬರುತ್ತದೆ. ಪ್ರತಿ ಸಲ ತಿರುಗುವಾಗಲೂ ಗಾಡಿಯನ್ನು ಜಗ್ಗುತ್ತದೆ. ಅದೇ ನಮ್ಮ ಕೈಗೆ ಬರುವ ನಡುಕ. ಮೈಸೂರಿನ ಐಡಿಯಲ್ ಜಾವಾ ಕಂಪನಿ 1980ರ ದಶಕದಲ್ಲಿ ತಂದ ಯೆಜ್ಡಿ 350 ಟ್ವಿನ್‌ನಲ್ಲಿ ಒಂದು ಪಿಸ್ಟನ್ ಮೇಲಿದ್ದರೆ ಇನ್ನೊಂದು ಕೆಳಗೆ. ಒಂದರ ಜಗ್ಗಾಟವನ್ನು ಇನ್ನೊಂದು ಬಹುಪಾಲು ತಡೆಯುತ್ತದೆ. ಆದರೆ ಎರಡೂ ಅಕ್ಕಪಕ್ಕ ಇರುವುದರಿಂದ ಎಡಬಲ ತೊನೆದಾಟ ಉಳಿಯುತ್ತದೆ. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ 650ಗಳಲ್ಲಿ ಕ್ರ್ಯಾಂಕ್ 270 ಡಿಗ್ರಿಯದು. ಒಂದು ಪಿಸ್ಟನ್ ತುದಿಯಲ್ಲಿದ್ದಾಗ ಇನ್ನೊಂದು ಹೆಚ್ಚುಕಡಿಮೆ ನಡುದಾರಿಯಲ್ಲಿರುತ್ತದೆ. ಹಾಗಾಗಿ ಸುತ್ತಿಗೆ ಎರಡು ಸಲ ಏಳುವ ಸಣ್ಣ ಅದುರು ಪರಸ್ಪರ ಕಳೆದುಹೋಗುತ್ತದೆ. ಉಳಿದದ್ದನ್ನು ಬ್ಯಾಲೆನ್ಸರ್ ಶಾಫ್ಟ್ ತಗ್ಗಿಸುತ್ತದೆ.

ಇದನ್ನೆಲ್ಲ ಕಾಕಾನಿಗೆ ಹೇಳುತ್ತಾ ಹೊರಟಿದ್ದೆ. ಮುಂದೆ ಒಂದು ಊರು. ಹಂಪ್ ಕಂಡದ್ದು ತೀರಾ ಹತ್ತಿರ ಬಂದಮೇಲೆ. ಅದರಾಚೆ ಇಬ್ಬರು ಹುಡುಗರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಮೀಟರ್ ನೋಡಿದರೆ 95! ನಾನು ಅರವತ್ತು ಅಂದುಕೊಂಡಿದ್ದೆ. ಎರಡೂ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಹುಡುಗರು ನಮ್ಮನ್ನೇ ನೋಡುತ್ತಾ ನಿಂತರು.

ಕಾಕಾ ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಅಂದರು: "ನನ್ನ ಗಾಡಿ ಎಪ್ಪತ್ತು ದಾಟಿದ್ರ ಕೈ ಜುಮ್ ಅಂತಿತ್ತು, ಕನ್ನಡ್ಯಾಗ ಹಿಂದಿನ ಲಾರಿ ಕಾಣ್ತಿರಲಿಲ್ಲ. ಗಾಡೀನ ಸಾಕು ಅಂತಿತ್ತು. ನಿನ್ನ ಗಾಡಿ ಏನೂ ಹೇಳೂದಿಲ್ಲ. ನೀನ ನೋಡ್ಕೋಬೇಕು."

ತಂಗಡಗಿಯಲ್ಲಿ ಕೃಷ್ಣೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಾಳೆ. ಬಸವಣ್ಣನವರ ಹೆಂಡತಿ ನೀಲಮ್ಮ ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟವರು, ಬಸವಣ್ಣ ಐಕ್ಯರಾದ ಸುದ್ದಿ ತಿಳಿದು ಇಲ್ಲೇ ಐಕ್ಯರಾದರು ಎನ್ನುತ್ತಾರೆ. ಕರೆತರಲು ಹೋಗಿದ್ದ ಹಡಪದ ಅಪ್ಪಣ್ಣನವರೂ ಇಲ್ಲೇ. ಸಂಗಮ ಇಲ್ಲಿಂದ ದೂರವೇನಿಲ್ಲ. ಆದರೂ ಅವರ ದಾರಿ ಇಲ್ಲಿಗೇ ಮುಗಿಯಿತು. ಗುಡಿಯೊಳಗೆ ಕಾಕಾ ಬಹಳ ಹೊತ್ತು ಕೂತರು. ನನಗೆ ಆ ಸೈಕಲ್ ಹುಡುಗರೇ ಕಣ್ಮುಂದೆ.

ವಾಪಸ್ ಬರುವಾಗ ಪ್ರತಿ ಊರಿಗೆ ಮೊದಲೇ ಮೀಟರ್ ನೋಡಿದೆ. ನಯವಾದ ಎಂಜಿನ್ ದಣಿವು ಕಡಿಮೆ ಮಾಡುತ್ತದೆ, ನಿಜ. ಆದರೆ ಹಳೇ ಗಾಡಿ ಕೈಗೆ ಕೊಡುತ್ತಿದ್ದ ಎಚ್ಚರಿಕೆಯ ಕೆಲಸ ಈಗ ನಮ್ಮ ಕಣ್ಣಿನದು. ಟ್ವಿನ್ ಕೊಂಡವರು, ಕೊಳ್ಳುವವರು ಇದೊಂದು ನೆನಪಿಡಿ.

ದಾರಿಯುದ್ದಕ್ಕೂ ಕಾಕಾ ಏನೋ ಹೇಳುತ್ತಲೇ ಇದ್ದರು. ಅರವತ್ತರಲ್ಲಿ ಹೋದರೆ ಎಲ್ಲ ಕೇಳಿಸುತ್ತದೆ.